ಅತ್ತೆ ಕೊಟ್ಟ ಪಾಯಸ

ಹಾಡಿನಲ್ಲಿ ಮಲ್ಲಿಗೆ, ಗಿಳಿ, ಬೆಳದಿಂಗಳು ಮೂರೂ ಒಟ್ಟಿಗೆ ಬಂದವೆಂದರೆ ಈಗಲೂ ನನ್ನ ಎದೆ ಢವಢವ ಅನ್ನುತ್ತದೆ. ಮುಂದೆ ಯಾರಿಗೋ ಗ್ರಹಚಾರ ಕಾದಿದೆ ಅಂತಲೇ ಲೆಕ್ಕ. ಈ ಬುದ್ಧಿ ಬಂದದ್ದು ಗಂಡಿನ ಕಡೆಯವರು ನನ್ನನ್ನು ನೋಡಲು ಬಂದ ದಿನ. ಅಲ್ಲಿಯವರೆಗೆ ಹಾಡಿಗೆ ಅರ್ಥವೂ ಇರುತ್ತದೆ ಎಂದು ತಲೆ ಕೆಡಿಸಿಕೊಂಡವಳೇ ಅಲ್ಲ ನಾನು. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮನೆಮನೆಗೂ ಪವರ್‌ಲೂಮ್. ಆ ಗಲಾಟೆಯಲ್ಲಿ ಯಾರು ಏನು ಹಾಡಿದರೂ ಕೇಳುವುದು ರಾಗ ಮಾತ್ರ. ಅಜ್ಜಿ ನನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕಿವಿಯಲ್ಲಿ ಹಾಡುತ್ತಿದ್ದ ಒಂದು ಹಾಡು ಬಾಯಿಗೆ ಬಂದಿತ್ತು, ತಲೆಗೆ ಹೋಗಿರಲಿಲ್ಲ.

ಸೂಲಿಬೆಲೆಯಿಂದ ಬಂದ ಹುಡುಗನನ್ನು ಬಾಗಿಲ ಸಂದಿಯಿಂದಲೇ ನೋಡಿದ್ದೆ. ಇಷ್ಟವಾಗಿಬಿಟ್ಟಿದ್ದ. ಈ ಸಂಬಂಧ ತಪ್ಪಿದರೆ ಅನ್ನ ಸೇರುವುದಿಲ್ಲ ಅನ್ನುವಷ್ಟು! ಅವನ ತಾಯಿ ಪಾಯಸದ ಲೋಟ ಹಿಡಿದು, "ಎಲ್ಲಿ, ಒಂದು ಹಾಡು ಹೇಳಮ್ಮಾ" ಅಂದರು. ಶುರು ಮಾಡಿದೆ. ಮದುಮಗಳ ಮುಂದೆ ಗಿಳಿಗಳು ಹಾರಿದವು, ಬೆಳದಿಂಗಳು ದಾರಿಗೆ ಹಾಸಾಯಿತು, ಅತ್ತೆ ಬೆಳ್ಳಿ ಬಟ್ಟಲು ತಂದಳು. ಮಗ್ಗಗಳ ಸದ್ದಿನಲ್ಲಿ ಅವರಿಗೆ ಎಷ್ಟು ಕೇಳಿಸಿತೋ ದೇವರೇ ಬಲ್ಲ, ತಲೆದೂಗಿದ್ದಂತೂ ಜೋರು. ಅಷ್ಟರಲ್ಲಿ ಕರೆಂಟು ಹೋಯಿತು. ಇಡೀ ಬೀದಿ ಗಪ್‌ಚುಪ್. ನನ್ನ ಗಂಟಲೊಂದೇ, ಗಂಟೆ ಹೊಡೆದ ಹಾಗೆ:

"ಅತ್ತೆ ಕೊಟ್ಟ ಪಾಯಸ ಕುಡಿದು
ಮಲ್ಲಿಗೆ ಹಾಸಿನಲಿ ಮಲಗಿದಳು ಸೊಸೆ, ಏಳಲೇ ಇಲ್ಲ..."

ಅಯ್ಯೋ ಶಿವನೇ! ಆ ಮಾತು ನನ್ನ ಕಿವಿಗೂ ಅವತ್ತೇ ಮೊದಲು ಬಿದ್ದದ್ದು. ಹುಡುಗನ ಸೋದರಮಾವ ಲೋಟ ಮೆಲ್ಲಗೆ ಕೆಳಗಿಟ್ಟರು. ಅವನ ತಾಯಿ ಒಮ್ಮೆ ಪಾಯಸ ನೋಡಿದರು, ಒಮ್ಮೆ ನನ್ನನ್ನು ನೋಡಿದರು.

"ಏನ್ ಹಾಕಿದ್ಲಂತಮ್ಮಾ ಅದಕ್ಕೆ?"

ಅಮ್ಮ ಹಿಂದಿನಿಂದ ಚಿವುಟಿದಳು. ಹುಡುಗ ಕೈತಪ್ಪಿ ಹೋದ ಅಂತ ಅಳುವೇ ಬಂತು. "ಇನ್ನೂ ಮುಗಿದಿಲ್ಲ" ಎಂದು ತೊದಲಿ, ಅಜ್ಜಿ ಕನಸಿನಲ್ಲೂ ಹಾಡದ ಸಾಲೊಂದನ್ನು ಹೊಸೆದೆ: "ಸೀನಿ ಎದ್ದಳು ಸೊಸೆ, ಇನ್ನೊಂದು ಬಟ್ಟಲು ಕೇಳಿದಳು!" ಆ ಕ್ಷಣಕ್ಕೇ ಕರೆಂಟು ಬಂದು ಮಗ್ಗಗಳೆಲ್ಲ ಶುರುವಾದವು. ಹುಡುಗನ ತಾಯಿ ನಕ್ಕದ್ದು ಕೇಳಿಸಲಿಲ್ಲ, ಹೊಟ್ಟೆ ಕುಣಿದದ್ದು ಕಾಣಿಸಿತು. ಎದ್ದು ಬಂದು ನನ್ನ ಕಿವಿಯಲ್ಲಿ ಕಿರುಚಿದರು: "ನಮ್ಮನೇಲಿ ಪಾಯಸ ನೀನೇ ಮಾಡ್ಕೊಳ್ಳೇ ತಾಯಿ, ನಂಗ್ಯಾಕೆ ಅಪವಾದ!"

ಈಗ ಅದೇ ಅತ್ತೆ ನನ್ನ ಮಗಳಿಗೆ ಈ ಹಾಡು ಕಲಿಸಿದ್ದಾರೆ, ನನ್ನ ಸಾಲನ್ನೂ ಸೇರಿಸಿ. ಮೊನ್ನೆ ಮಗಳು ಕೇಳಿದಳು: "ಸತ್ತೋಳು ಹೆಂಗಮ್ಮಾ ಎದ್ಲು?" ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನನ್ನ ಕಡೆಗೇ ನೋಡುತ್ತಿದ್ದರು. ಹಾಡು ಕಟ್ಟಿದವಳಲ್ಲವೇ ನಾನು, ಗಂಭೀರವಾಗಿ ಯೋಚಿಸಿ ಹೇಳಿದೆ:

"ಕರೆಂಟ್ ಬಂತು ಕಣೇ."