ಭಾವನ ಫಿನೀಷಿಯನ್ ಕಲ್ಲು

ನನ್ನ ಭಾವನಿಗೆ ಎಂದೋ ಸತ್ತುಹೋದ ಭಾಷೆಯೊಂದು ಚೆನ್ನಾಗಿ ಅರ್ಥವಾಗುತ್ತದೆ. ಅರ್ಥವಾಗದಿರುವುದು ನನ್ನ ಅಕ್ಕನ ಕನ್ನಡ ಮಾತ್ರ! “ರೀ, ಕಸ ಹೊರಗಿಡಿ” ಎಂಬ ಶಾಸನವನ್ನು ಮದುವೆಯಾದಾಗಿನಿಂದಲೂ ಬಿಡಿಸುತ್ತಲೇ ಇದ್ದಾರೆ.

ಎರಡು ವರ್ಷದ ಹಿಂದೆ, ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಓದುವ ಮಗಳನ್ನು ಕರೆತರಲು ಹೋದವರು, ಅವಳು ಬರುವುದು ತಡವೆಂದು ಯಾವುದೋ ಉಪನ್ಯಾಸಕ್ಕೆ ನುಗ್ಗಿದರಂತೆ. ಪರದೆಯ ಮೇಲೊಂದು ಕಲ್ಲು. ಹಡಗಿನ ವ್ಯಾಪಾರದ ಪ್ರಾಚೀನ ಫಿನೀಷಿಯನ್ನರು ಹರಕೆ ತೀರಿಸಲು ಅಕ್ಷರ ಕೆತ್ತಿ ದೇವರಿಗೆ ಒಪ್ಪಿಸಿದ ಕಲ್ಲು. ಅಷ್ಟೇ! ಚಿಪ್ ಡಿಸೈನ್ ಮಾಡುತ್ತಿದ್ದ ಮನುಷ್ಯ ಇಪ್ಪತ್ತೆರಡು ಅಕ್ಷರ ತಿದ್ದಲು ಕೂತರು.

ಗಣೇಶನ ಹಬ್ಬಕ್ಕೆ ಬಂದವರಿಗೆ ಊಟಕ್ಕೂ ಮೊದಲು ಪಾಠ. “ಈ ಲಿಪೀಲಿ ಸ್ವರಾನೇ ಬರೆಯಲ್ಲ!” ಎಂದು ಭಾವ ಕಣ್ಣರಳಿಸಿದರು.

“ಸ್ವರಾನೇ ಇಲ್ದಿದ್ರೆ ಮಾತು ಹೆಂಗಾಡೋರು?” ಎಂದರು ಮಂಡ್ಯದ ಅಜ್ಜಿಯೊಬ್ಬರು.

“ಇವ್ರಿಗೂ ಇಲ್ದಿದ್ರೆ ಇಷ್ಟೊತ್ತಿಗೆ ಊಟ ಮುಗೀತಿತ್ತು” ಎಂದಳು ಅಕ್ಕ.

ಈ ವರ್ಷ ಹುಚ್ಚು ಮುಂದಿನ ಮಟ್ಟಕ್ಕೇರಿತು. ಪ್ಲೆಸೆಂಟನ್ ಊರಿನ ತಮ್ಮ ಮನೆಯ ಮುಂದಿನ ಹುಲ್ಲಿನಲ್ಲಿ, ಮೊಣಕಾಲೆತ್ತರದ ಕಲ್ಲಿಗೆ ಆ ಅಕ್ಷರಗಳನ್ನು ಸ್ವತಃ ಕೆತ್ತಿ ನೆಟ್ಟರು! ಅದು ನೋಡಲು ಥೇಟ್ ಸಮಾಧಿ. ಪಕ್ಕದ ಮನೆಯ ಅಮೆರಿಕನ್ ಮುದುಕಿ ಕಣ್ಣೊರೆಸಿಕೊಂಡು, ಸಾವಿನ ಮನೆಯವರ ಊಟಕ್ಕೆಂದು ಒಂದು ತಟ್ಟೆ ಲಸಾನ್ಯ ಬೇಯಿಸಿ ತಂದುಕೊಟ್ಟಳು. ಯಾರೂ ಸತ್ತಿಲ್ಲವೆಂದು ಹೇಳಬೇಕೋ ಬೇಡವೋ? ಭಾವ ಹೇಳಿದರು, ಪೂರ್ತಿ ತಿಂದಾದ ಮೇಲೆ!

ಬಡಾವಣೆಯ ಅಸೋಸಿಯೇಷನ್ನಿನಿಂದ ಕಾಗದ ಬಂತು: ಭಾನುವಾರದೊಳಗೆ ಕಲ್ಲು ತೆಗೆಯಬೇಕು. ಇಂಥ ಶುಭಕಾರ್ಯವನ್ನು ನಾನು ತಪ್ಪಿಸಿಕೊಳ್ಳುವವನೇ? ಶನಿವಾರ ಬೆಳಗ್ಗೆಯೇ ಸ್ಯಾನ್ ಹೊಸೆಯ ನನ್ನ ಮನೆಯಿಂದ ಹೋಗಿ ಅಂಗಿಯ ತೋಳು ಮಡಚಿದೆ.

ಭಾವ ನನ್ನ ಕೈ ತಳ್ಳಿದರು. “ನೀನ್ ಮುಟ್ಬೇಡ್ವೋ. ಎದೆ ಕೊಯ್ದು ಇನ್ನೂ ವರ್ಷ ಆಗಿಲ್ಲ, ಭಾರ ಎತ್ತೋಕ್ ಬಂದ.”

ಒಬ್ಬರೇ ಏದುಸಿರು ಬಿಡುತ್ತ ಕಲ್ಲನ್ನು ಕಾರಿಗೇರಿಸಿದರು. “ಅಷ್ಟಕ್ಕೂ ಅದರಲ್ಲಿ ಏನು ಕೆತ್ತಿದೀರಿ ಭಾವ?” ಎಂದೆ ನಗುತ್ತ.

ಬೆರಳನ್ನು ಬಲದಿಂದ ಎಡಕ್ಕೆ ಆಡಿಸುತ್ತ ಓದಿದರು: “ದೇವರಿಗೆ ಹರಕೆಯ ಕಲ್ಲು. ಕೂಗಿದ್ದು ಅವನಿಗೆ ಕೇಳಿಸಿತು, ಅದಕ್ಕೆ.” ಕೊನೆಯ ಸಾಲಿನಲ್ಲಿ ಬೆರಳು ನಿಂತಿತು. “ಇದು ನಿನ್ನ ಹೆಸರು.”

“ಯಾವಾಗ ಕೂಗಿದ್ರಿ?”

“ನಿನ್ನ ಆಪರೇಷನ್ ದಿನ. ಎಂಟು ಗಂಟೆ ಹೊತ್ತು ನಡೀತು. ನಿನ್ನಕ್ಕನ ಮುಂದೆ ಅಳೋ ಹಾಗಿರ್ಲಿಲ್ಲ. ಆಸ್ಪತ್ರೆ ಪಾರ್ಕಿಂಗಿಗೆ ಹೋಗಿ, ಕಾರಿನ ಗಾಜು ಏರಿಸ್ಕೊಂಡು ಕೂಗಿದೆ. ಯಾವ ದೇವರು ಅಂತ ಮಾತ್ರ ಕೇಳ್ಬೇಡ. ಗೊತ್ತಿರೋ ಎಲ್ಲರನ್ನೂ ಕರೆದೆ ಕಣೋ.”

ಕಾರು ಹೊರಟಿತು. ಭಾವ ಕೇಳಿದರು: “ಇದನ್ನ ಎಲ್ಲಿ ಹಾಕೋಣ್ವೋ?”

“ಸ್ಯಾನ್ ಹೊಸೆಗೆ ತಿರುಗಿಸಿ” ಎಂದೆ. “ನಮ್ಮನೆ ಬಾಗಿಲ ಮುಂದೇನೇ ಇಡೋಣ. ನಮಗೆ ಅಸೋಸಿಯೇಷನ್ ಇಲ್ಲ.”