ಸದ್ದಡಗಿದ ಹೆರಾಲ್ಡ್

ತಿರುವೇ ಇಲ್ಲದ ಊರೊಂದು ಇದ್ದಿದ್ದರೆ ವಿಮಾ ಏಜೆಂಟ್ ಕರಿಬಸವರಾಜನ ಸಂಸಾರ ಸುಖವಾಗಿರುತ್ತಿತ್ತು. ಅವನ ಹಳೆಯ ಹೆರಾಲ್ಡ್ ಕಾರು ನೇರ ರಸ್ತೆಯಲ್ಲಿ ಸಭ್ಯವಾಗಿಯೇ ಓಡುತ್ತಿತ್ತು. ಸ್ಟೇರಿಂಗ್ ತಿರುಗಿಸಿದರೆ ಮಾತ್ರ ಹಿಂದಿನ ಗಾಲಿಗಳ ನಡುವಿನ ಡಿಫರೆನ್ಶಿಯಲ್ ಎಂಬ ಗೇರುಪೆಟ್ಟಿಗೆಯಿಂದ ಚಳಿಜ್ವರದವನ ಹಲ್ಲಿನಂತೆ ‘ಕಟ ಕಟ ಕಟ’ ಎಂಬ ಸದ್ದು ಏಳುತ್ತಿತ್ತು. ಮದ್ರಾಸ್ ಬಳಿಯ ಷೋಲಾವರಂ ಟ್ರ್ಯಾಕಿನಲ್ಲಿ ರೇಸ್ ಓಡಿದ ಗಾಡಿ ಎಂಬ ಹೆಮ್ಮೆಗೆ ಅವನು ಅದನ್ನು ಕೊಂಡಿದ್ದ. ಈಗ ಸದ್ದು ಕೇಳಿದೊಡನೆ ವಿದ್ಯಾನಗರದ ಜನ ಏಜೆಂಟ್ ಬಂದನೆಂದು ಬಾಗಿಲು ಹಾಕಿಕೊಳ್ಳುತ್ತಿದ್ದರು.

ಹೆಂಡತಿ ಶಾಂತಕುಮಾರಿ, “ನಾವು ಯಾವ ಓಣಿಗೆ ಹೊಳ್ಳಿದ್ವಿ ಅಂತ ಊರಿಗೆಲ್ಲಾ ಡಂಗುರ ಹೊಡದಂಗ ಆಗ್ತೈತೆ. ಅದು ಮನಿ ಬಿಟ್ಟ ಮ್ಯಾಲೆ ನಾನು ಬರ್ತೀನಿ” ಎಂದು ಹೇಳಿ ಹರಿಹರದ ತವರಿಗೆ ಹೋಗಿ ಕುಳಿತಿದ್ದಳು.

ಅಂತೂ ಗಿರಾಕಿಯೊಬ್ಬ ಸಿಕ್ಕಿದ್ದ. ಹುಬ್ಬಳ್ಳಿಯ ಟಿಂಬರ್ ವ್ಯಾಪಾರಿ ಹಿದಾಯತ್, ಕಾರ್ ರೇಸಿನ ಹುಚ್ಚ. ಭಾನುವಾರ ಹರಿಹರದ ನೆಂಟರ ಮನೆಗೆ ಬರುವವನು, ಗಾಡಿ ನೋಡಿ ಮಧ್ಯಾಹ್ನದ ರೈಲಿಗೆ ವಾಪಸು ಹೋಗುತ್ತೇನೆಂದು ತಿಳಿಸಿದ್ದ.

ಭಾನುವಾರ ಬೆಳಿಗ್ಗೆ ಕರಿಬಸವರಾಜ ಕಾರಿನಡಿ ತಲೆ ತೂರಿಸುತ್ತಿದ್ದಂತೆ ಪಕ್ಕದ ಮನೆಯ ದ್ರಾಕ್ಷಾಯಣಮ್ಮ ಬಂದರು.

“ಏನ್ ಬಸಣ್ಣ, ಏನಾಗೈತೆ ಅದಕ್ಕೆ?”

“ಒಳಗಿನ ಎಣ್ಣಿ ಸರಿ ಇಲ್ಲ ಅಂತ ಕಾಣ್ತೈತೆ ಅಮ್ಮಾರೆ.”

“ಹರಳೆಣ್ಣಿ ಹಾಕು. ಕೂಸಿಗೆ ಹೊಟ್ಟಿ ಗುಡುಗುಟ್ಟಿದ್ರ ನಾವು ಅದನ್ನೇ ಕುಡಿಸೋದು.”

“ಇದು ಕೂಸಲ್ರೀ, ಕಾರು!”

“ಯಾವುದಾದ್ರೇನು, ಹೊಟ್ಟಿ ಹೊಟ್ಟೀನೇ.”

ಎದುರುಮನೆಯ ನಿವೃತ್ತ ಬಸ್ ಡಿಪೊ ಗುಮಾಸ್ತ ಪಂಚಾಕ್ಷರಪ್ಪ ಬನಿಯನ್ನಿನಲ್ಲೇ ರಸ್ತೆಗಿಳಿದರು. “ಹರಳೆಣ್ಣಿ ಬ್ಯಾಡ. ತೊಂಬತ್ತು ನಂಬರಿನ ಗೇರ್ ಆಯಿಲ್ ಹಾಕು. ನಮ್ಮ ಡಿಪೋದಾಗ ಬಸ್ಸಿಗೆ ಅದನ್ನೇ ಹಾಕ್ತಿದ್ರು.”

“ಬಸ್ಸು ಸದ್ದು ಮಾಡ್ತಿರಲಿಲ್ಲೇನ್ರಿ?”

“ಬಸ್ಸಿನ ತುಂಬ ಜನ ಕೂಗಾಡ್ತಿರ್ತಾರ, ಯಾರಿಗೆ ಕೇಳ್ಸುತ್ತೆ?”

ಕರಿಬಸವರಾಜ ಇಬ್ಬರಿಗೂ ಕೈಮುಗಿದು ನಿಟ್ಟುವಳ್ಳಿಯ ಸೂರಪ್ಪನ ಗ್ಯಾರೇಜಿಗೆ ಹೋದ. ಸೂರಪ್ಪ ಗಾಡಿಯನ್ನು ಒಂದು ಸುತ್ತು ತಿರುಗಿಸಿ, ಕಣ್ಣುಮುಚ್ಚಿ ಸದ್ದು ಕೇಳಿದ.

“ರಿಪೇರಿ ಬೇಕೋ, ಮಾರಾಟ ಆಗ್ಬೇಕೋ?”

“ಮಾರಾಟ.”

“ಹಂಗಾದ್ರ ಸುಲಭ ಬಿಡ್ರಿ.”

ಸೂರಪ್ಪ ಹಳೆಯ ಎಣ್ಣೆ ಇಳಿಸಿದ. ಬೆಲ್ಲದ ಪಾಕದಷ್ಟು ಗಟ್ಟಿಯಾದ ನೂರಾ ನಲವತ್ತು ನಂಬರಿನ ಆಯಿಲಿಗೆ, ಪಕ್ಕದ ಬಡಗಿಯ ಅಂಗಡಿಯಿಂದ ಬೊಗಸೆ ತುಂಬ ಮರದ ಹೊಟ್ಟು ತಂದು ಸುರಿದ. ಮೇಲೆ ಎರಡು ಕಳಿತ ಬಾಳೆಹಣ್ಣು ಹಿಸುಕಿ ಹಾಕಿ, ಎಲ್ಲ ಕಲಸಿ ಡಿಫರೆನ್ಶಿಯಲ್ಲಿಗೆ ತುಂಬಿದ.

“ಇದೇನಪ್ಪಾ, ಪಂಚಾಮೃತನಾ?” ಎಂದ ಕರಿಬಸವರಾಜ.

“ಗೇರಿನ ಹಲ್ಲಿನ ಸಂದಿನಾಗ ಹೋಗಿ ಕುಂದ್ರುತೈತೆ. ಸಂಜೀತನಕ ಪಿಟಕ್ ಅನ್ನಲ್ಲ. ಆಮ್ಯಾಲೆ ಅದು ಕೊಂಡವನ ಹಣೆಬರಹ.”

ಅವನಂದಂತೆಯೇ ಆಯಿತು. ಹರಿಹರದವರೆಗೆ ಎಷ್ಟು ತಿರುವು ಬಂದರೂ ಹೆರಾಲ್ಡ್ ಮೌನವ್ರತ ಹಿಡಿದಂತೆ ಓಡಿತು.

ಸ್ಟೇಷನ್ ಪಕ್ಕದ ಬಯಲಿನಲ್ಲಿ ಹಿದಾಯತ್ ಕಾಯುತ್ತಿದ್ದ. ಕಾರು ಕಂಡು ಅವನ ಮುಖ ಅರಳಿತು. ತಾನೇ ಕುಳಿತು ನಿಧಾನವಾಗಿ ಒಂದು ಸುತ್ತು ಹಾಕಿದ. ಕಿಟಕಿಯಿಂದ ತಲೆ ಹೊರಗೆ ಹಾಕಿ, ಕಿವಿಗೊಟ್ಟು ಇನ್ನೊಂದು ಸುತ್ತು ಹಾಕಿದ. ಇಳಿದಾಗ ಮುಖ ಬಾಡಿತ್ತು.

“ಸದ್ದೇ ಇಲ್ವಲ್ರೀ!”

“ಒಂಚೂರೂ ಇಲ್ರಿ!” ಎಂದು ಕರಿಬಸವರಾಜ ಹಿಗ್ಗಿದ.

“ಬರಬೇಕಿತ್ತು. ರೇಸಿನ ಡಿಫರೆನ್ಶಿಯಲ್ ಒಳಗ ಎರಡೂ ಗಾಲಿ ಕೂಡಿಸಿ ಹಿಡಿಯೋ ಪ್ಲೇಟ್ ಇರ್ತಾವ. ತಿರುಗಿಸಿದ್ರ ಕಟಕಟ ಅನ್ನಲೇಬೇಕು. ನಾನು ಬಂದಿದ್ದೇ ಆ ಸದ್ದು ಕೇಳಾಕ. ಯಾರೋ ಅಸಲಿ ಸಾಮಾನು ತೆಗೆದು ಮಾಮೂಲಿದು ಕೂಡಿಸಿ ನಿಮಗೆ ಟೋಪಿ ಹಾಕ್ಯಾರ.”

“ಅಸಲಿನೇ ಐತ್ರಿ! ಸದ್ದೂ ಐತ್ರಿ! ನಾನೇ ಬೆಳಿಗ್ಗೆ ಅಡಗಿಸೀನಿ. ಬೇಕಾದ್ರ ನೋಡ್ರಿ” ಎಂದು ಕರಿಬಸವರಾಜ ಕಾರಿನಡಿ ಮಲಗಿ ಎಣ್ಣೆಯ ಬಿರಡೆ ಬಿಚ್ಚಿದ.

ಹಿದಾಯತ್ ಒಂದು ಬೆರಳು ಅದ್ದಿ, ಹೆಬ್ಬೆರಳಿನಿಂದ ತಿಕ್ಕಿ, ಮೂಸಿದ.

“ಸಾಗವಾನಿ” ಎಂದ. “ಮಾಲು ಒಳ್ಳೇದು.” ಮತ್ತೆ ಮೂಸಿ, “ಬಾಳೆಹಣ್ಣು?” ಎಂದ.

“ಎರಡು ಹಾಕೇವ್ರಿ” ಎಂದ ಕರಿಬಸವರಾಜ.

“ಇಷ್ಟೊತ್ತು ನೀವು ಮೋಸ ಹೋದವ್ರು ಅಂತ ಪಾಪ ಅನ್ಸಿತ್ತು” ಎಂದು ಹಿದಾಯತ್ ಕೈ ಒರೆಸಿಕೊಂಡು ಪ್ಲಾಟ್‌ಫಾರ್ಮಿನತ್ತ ನಡೆದ. ರೈಲು ಅವನನ್ನು ಹತ್ತಿಸಿಕೊಂಡು ಹುಬ್ಬಳ್ಳಿಯತ್ತ ಹೊರಟಿತು.

ಬರಿಗೈಯಲ್ಲಿ ಮಾವನ ಮನೆಯೆದುರು ಕಾರು ನಿಲ್ಲಿಸಿದಾಗ ಶಾಂತಕುಮಾರಿ ಬಾಗಿಲಿಗೆ ಬಂದು ಬೆರಗಾದಳು.

“ಓಣಿ ಹೊಳ್ಳಿ ಬಂದ್ರೂ ಕೇಳಿಸ್ಲೇ ಇಲ್ವಲ್ರೀ! ರಿಪೇರಿ ಮಾಡ್ಸಿದ್ರಾ? ಹಂಗಾದ್ರ ಯಾಕ ಮಾರೋದು? ತಡೀರಿ, ಟ್ರಂಕ್ ತರ್ತೀನಿ.”

ಕರಿಬಸವರಾಜ ಅವಸರದಲ್ಲಿ ಟ್ರಂಕಿಗೆ ಜಾಗ ಮಾಡಿದ. ಟ್ರಂಕು ಹಿಂದಿನ ಸೀಟಿಗೆ ಬಂತು, ಹೆಂಡತಿ ಪಕ್ಕಕ್ಕೆ ಬಂದಳು. ಊರು ದಾಟುವವರೆಗೆ ಅವಳು ನಗುನಗುತ್ತ ಮಾತಾಡಿದಳು. ಅಷ್ಟರಲ್ಲಿ ಆ ಬಿಸಿಲಿಗೆ, ಆ ಓಟಕ್ಕೆ ಗಟ್ಟಿ ಎಣ್ಣೆ ಕಾದು ನೀರಾಗಿತ್ತು. ಸಾಗವಾನಿ ಹೊಟ್ಟು ಅರೆದು ಹಿಟ್ಟಾಗಿತ್ತು. ಮನೆಯ ದಾರಿಯಲ್ಲಿ ಸಿಗುವ ದೊಡ್ಡಬಾತಿ ಹಳ್ಳಿಯ ತಿರುವಿನಲ್ಲಿ ಹೆರಾಲ್ಡ್ ಬಾಯಿಬಿಟ್ಟಿತು.

ಕಟ. ಕಟ ಕಟ. ಕಟ ಕಟ ಕಟ.

ಶಾಂತಕುಮಾರಿ ಸೆರಗು ಸರಿಮಾಡಿಕೊಂಡು ಮುಂದೆ ನೋಡುತ್ತ ಹೇಳಿದಳು:

“ಗಾಡಿ ತಿರುಗಿಸ್ರಿ.”

ಕರಿಬಸವರಾಜ ಗಾಡಿ ತಿರುಗಿಸಿದ. ಹೆದ್ದಾರಿಯ ಅಷ್ಟಗಲಕ್ಕೂ ಅದು ಎಂಥ ಸದ್ದು ಮಾಡಿತೆಂದರೆ, ಹಿದಾಯತ್ ಕೇಳಿದ್ದರೆ ಅಲ್ಲೇ ಕೊಂಡುಬಿಡುತ್ತಿದ್ದ.