ಹಾಸಿಗೆ ಮಾರುವವನು ಫೋನ್ ಕೊಂಡದ್ದು

ನನ್ನ ಹಳೆಯ ಫೋನಿನ ಕ್ಯಾಮೆರಾ ಕಣ್ಣಿನ ಮೇಲೆ ಒಂದು ತೆಳು ಪ್ಲಾಸ್ಟಿಕ್ ಪರೆ ಇತ್ತು. ಅದು ಅಂಗಡಿಯವರು ಅಂಟಿಸಿದ್ದಲ್ಲ, ಫೋನಿನ ಸ್ವಂತ ಚರ್ಮ ಎಂದೇ ನಾನು ನಂಬಿದ್ದೆ. ಹೀಗಾಗಿ ಮದುವೆಯಾದ ಹೊಸತರ ನಮ್ಮ ಫೋಟೋಗಳಲ್ಲೆಲ್ಲ ದಟ್ಟ ಮಂಜು. (ನನ್ನ ಮುಖಕ್ಕೆ ಅದರಿಂದ ಉಪಕಾರವೇ ಆಗಿದೆ ಎನ್ನುವವರೂ ಇದ್ದಾರೆ.) ಕೊನೆಗೊಂದು ದಿನ ಹೆಂಡತಿ ಉಗುರಿನಿಂದ ಆ ಪರೆ ಕಿತ್ತು ನನ್ನ ಅಂಗೈಗೆ ಅಂಟಿಸಿದಳು. ಮನೆಯ ಖರೀದಿ ಖಾತೆಯ ನನ್ನ ಮಂತ್ರಿಗಿರಿ ಅಂದೇ ಅಲುಗಾಡತೊಡಗಿತು.

ಈಗ ಆ ಫೋನು ಎರಡು ಮಾತಿಗೇ ಪ್ರಾಣ ಬಿಡುತ್ತಿತ್ತು. ಹೊಸದು ಬೇಕೆಂದು ಹೆಂಡತಿಗೆ ಹೇಳಿದೆ.

"ತಗೊಳ್ಳಿ. ಆದ್ರೆ ಅರ್ಧ ಸಂಬಳ ದಾಟಬಾರ್ದು."

"ದಾಟಿದ್ರೆ?"

"ಇನ್ಮೇಲೆ ಮನೆಗೊಂದು ಬಾಚಣಿಗೆ ಬೇಕಾದ್ರೂ ನಾನೇ ಆರಿಸ್ತೀನಿ. ನೀವು ಚೀಲ ಹಿಡ್ಕೊಂಡು ಬನ್ನಿ, ಸಾಕು."

"ಲೇ, ನಾನೇ ಅಂಗಡೀಲಿ ನಿಂತು ಮಾರೋನು ಕಣೇ! ನನಗೆ ಟೋಪಿ ಹಾಕೋರು ಇನ್ನೂ ಹುಟ್ಟಿಲ್ಲ."

ನಾನು ಹಾಸಿಗೆ ಮಾರುವವನು. ತೆಳು ಹಾಸಿಗೆಯನ್ನು ಹೆಬ್ಬೆರಳಿನಿಂದ ಒತ್ತಿ ಒಂದು ನಿಟ್ಟುಸಿರು ಬಿಡಬೇಕು. ಆಮೇಲೆ ಗಿರಾಕಿಯನ್ನು ದಪ್ಪನೆಯದರ ಮೇಲೆ ಮಲಗಿಸಬೇಕು. ಅವನು ಏಳುವಷ್ಟರಲ್ಲಿ ಅವನಿಗೆ ಎಂದೂ ಇಲ್ಲದ ಬೆನ್ನುನೋವು ಶುರುವಾಗಿರುತ್ತದೆ. ಇಂಥ ಸಕಲ ವಿದ್ಯಾಪಾರಂಗತನಾಗಿ, ಹೆಂಡತಿಸಮೇತ ಫೋನ್ ಅಂಗಡಿಗೆ ದಯಮಾಡಿಸಿದೆ.

"ಏನಕ್ಕೆ ಬೇಕು ಸರ್?" ಮಾರಾಟದ ಹುಡುಗಿ ಕೇಳಿದಳು.

"ಮಾತಾಡೋಕೆ, ಮೆಸೇಜಿಗೆ, ಒಂದೆರಡು ಫೋಟೋಗೆ."

ಅವಳು ಒಂದನ್ನು ತೆಗೆದಿಟ್ಟಳು. ಬೆಲೆ ಅರ್ಧ ಸಂಬಳಕ್ಕಿಂತ ಕಡಿಮೆ. "ಇದು ಸಾಕು ಸರ್."

ಅಷ್ಟೇ. ಒತ್ತಿ ತೋರಿಸಲಿಲ್ಲ, ನಿಟ್ಟುಸಿರೂ ಬಿಡಲಿಲ್ಲ. ನನ್ನ ಕಿವಿ ನೆಟ್ಟಗಾಯಿತು. ಮಾರುವವರ ಬಾಯಲ್ಲಿ 'ಸಾಕು' ಎಂಬ ಮಾತೇ? ಹುಟ್ಟಿದಾರಭ್ಯ ನಾನು ಅಂದವನಲ್ಲ! ಖರ್ಚಾಗದ ಮಾಲನ್ನು ನನ್ನ ತಲೆಗೆ ಕಟ್ಟುತ್ತಿದ್ದಾಳೆ, ಖಂಡಿತ.

"ಆ ಕಡೆ ಇರೋದು?"

"ಬೇಡ ಸರ್, ದುಡ್ಡು ದಂಡ."

ಓಹೋ, ಒಳ್ಳೆಯದನ್ನು ಬಚ್ಚಿಡುತ್ತಿದ್ದಾಳೆ! "ಅದಕ್ಕಿಂತ ಮೇಲಿಂದು?"

"ಅಯ್ಯೋ, ಅದಂತೂ ಬೇಡವೇ ಬೇಡ. ಅದರಲ್ಲಿರೋದು ಅರ್ಧ ನಿಮಗೆ ಉಪಯೋಗಕ್ಕೇ ಬರಲ್ಲ."

"ರೀ, ಅವರೇ ಹೇಳ್ತಿದಾರಲ್ಲ, ಮೊದಲನೇದು ತಗೊಳ್ಳಿ," ಎಂದು ಹೆಂಡತಿ ತೋಳು ಜಗ್ಗಿದಳು.

"ಸುಮ್ನಿರೇ, ಇದೆಲ್ಲ ವ್ಯಾಪಾರದ ಒಳಗುಟ್ಟು. ನಿನಗೆ ತಿಳಿಯಲ್ಲ," ಎಂದು ಪಿಸುಗುಟ್ಟಿ, ಹುಡುಗಿಯ ಕಡೆ ತಿರುಗಿ ಗುಡುಗಿದೆ: "ಬೇಡವೇ ಬೇಡ ಅಂದ್ರಲ್ಲ, ಅದನ್ನೇ ಕೊಡಿ!"

ಬಿಲ್ಲು ಬಂತು. ಒಂದೂವರೆ ಸಂಬಳ. ಕಂತಿನ ಕಾಗದಕ್ಕೆ ವಿಜಯೋತ್ಸಾಹದಿಂದ ರುಜು ಹಾಕಿದೆ. ಹೆಂಡತಿ ತನ್ನ ಚೀಲವನ್ನು ನನ್ನ ಹೆಗಲಿಗೆ ನೇತುಹಾಕಿ, ಬಾಗಿಲ ಕಡೆ ನಡೆದಳು. ಅಧಿಕಾರ ಹಸ್ತಾಂತರ ಇಷ್ಟು ಸರಳವಾಗಿ ಮುಗಿದದ್ದು ಚರಿತ್ರೆಯಲ್ಲೇ ಇರಲಾರದು.

ನನಗೋ ಆ ಹುಡುಗಿಯ ಗುಟ್ಟು ತಿಳಿಯಲೇಬೇಕಿತ್ತು. ಬಾಗಿಲಿನಿಂದ ಹಿಂದಿರುಗಿ ಬಂದೆ.

"ನಿಜ ಹೇಳಿ ಮೇಡಂ. ಅಗ್ಗದ್ದನ್ನೇ ತಗೊಳ್ಳಿ ಅಂತ ಹಟ ಹಿಡಿದ್ರಲ್ಲ, ಅದರಲ್ಲಿ ನಿಮಗೇನು ಸಿಗ್ತಿತ್ತು?"

ಅವಳು ಡಬ್ಬಿ ಜೋಡಿಸುತ್ತಲೇ ಹೇಳಿದಳು:

"ಏನೂ ಇಲ್ಲ ಸರ್. ನಿಮ್ಮ ಚಪ್ಪಲಿ ನೋಡಿ ಪಾಪ ಅನ್ನಿಸ್ತು."